ಒಂದೆಡೆ ಶಿರಸ್ತ್ರಾಣ, ಇನ್ನೊಂದೆಡೆ ಕೋಟು: ಪಸೋಲಿನಿಯ ‘ಪೋರ್ಚಿಲೆ’ ನೋಡುವುದು ಹೇಗೆ?

ಕಪ್ಪು ಬೂದಿ ಹರಡಿದ ಇಳಿಜಾರು. ಹರಕು ಬಟ್ಟೆಯ ಯುವಕನೊಬ್ಬ ಚಿಟ್ಟೆ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಹಾವು. ಮಾತಿಲ್ಲ, ಕಥೆಯಿಲ್ಲ, ಇವನು ಯಾರು ಎಂಬ ಸುಳಿವೂ ಇಲ್ಲ. ಅಷ್ಟರಲ್ಲಿ ದೃಶ್ಯ ಬದಲಾಗಿ ಅರಮನೆಯಂಥ ಬಂಗಲೆ ಬರುತ್ತದೆ. ಇಸ್ತ್ರಿ ಕೆಡದ ಬಟ್ಟೆಯ ಇನ್ನೊಬ್ಬ ಯುವಕ, ಅವನೆದುರು ಒಬ್ಬ ಹುಡುಗಿ. ಇಲ್ಲಿ ಬರೀ ಮಾತು. ಅದು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಬೂದಿ ಬೆಟ್ಟ. ಎರಡು ಬೇರೆ ಸಿನಿಮಾಗಳ ಫೈಲು ಒಂದಕ್ಕೊಂದು ಸೇರಿಬಿಟ್ಟಿವೆಯೇನೋ ಎಂದು ಹತ್ತೇ ನಿಮಿಷದಲ್ಲಿ ಅನುಮಾನ ಹುಟ್ಟುತ್ತದೆ.

ಫೈಲು ಸರಿಯಾಗೇ ಇದೆ. ಇಟಲಿಯ ಪಿಯೆರ್ ಪಾವೊಲೊ ಪಸೋಲಿನಿ 1969ರಲ್ಲಿ ಮಾಡಿದ ‘ಪೋರ್ಚಿಲೆ’ ಇರುವುದೇ ಹೀಗೆ. ಹಳೆಯ ಯುರೋಪಿಯನ್ ಚಿತ್ರಗಳು ಒಂದು ಕಾಲದಲ್ಲಿ ಫಿಲ್ಮ್ ಸೊಸೈಟಿಗಳ ಬಿಳಿ ಪರದೆಯಲ್ಲಷ್ಟೇ ಸಿಗುತ್ತಿದ್ದವು, ಮುಗಿದ ಮೇಲೆ ಹೊರಗೆ ಕಾಫಿ ಕುಡಿಯುತ್ತ ಬಲ್ಲವರನ್ನು ಕೇಳಬಹುದಿತ್ತು. ಈಗ ಅವೇ ಚಿತ್ರಗಳು ಮೊಬೈಲಿಗೆ ಬಂದು ಬೀಳುತ್ತವೆ, ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಈ ಬರಹ ಆ ಪಕ್ಕದ ಕುರ್ಚಿಯ ಕೆಲಸ ಮಾಡಲಿಕ್ಕೆ. ಕಥೆಯನ್ನು ಕೊನೆಯವರೆಗೂ ಹೇಳಿಬಿಡುತ್ತೇನೆ. ಮುಂದೇನಾಗುತ್ತದೆ ಎಂಬ ಕುತೂಹಲದ ಮೇಲೆ ನಿಂತ ಚಿತ್ರ ಇದಲ್ಲವಾದ್ದರಿಂದ ನಷ್ಟವೇನಿಲ್ಲ.

ಮೊದಲು ಒಂದಿಷ್ಟು ಮಾಹಿತಿ

‘ಪೋರ್ಚಿಲೆ’ ಎಂದರೆ ಇಟಾಲಿಯನ್ನಿನಲ್ಲಿ ಹಂದಿಗೂಡು. ಚಿತ್ರದ ಅವಧಿ ನೂರು ನಿಮಿಷಕ್ಕೆ ತುಸು ಕಡಿಮೆ. ನಿರ್ಮಾಪಕ ಜಾನ್ ವಿತ್ತೊರಿಯೊ ಬಾಲ್ದಿ. 1969ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಪಸೋಲಿನಿ (1922–1975) ಕವಿಯಾಗಿ, ಕಾದಂಬರಿಕಾರನಾಗಿ ಹೆಸರು ಮಾಡಿದ ಮೇಲೆ ಸಿನಿಮಾಕ್ಕೆ ಬಂದವನು. 1966ರಲ್ಲಿ ಹುಣ್ಣಿನ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಅವನು ಆರು ಪದ್ಯನಾಟಕಗಳನ್ನು ಬರೆಯಲು ತೊಡಗಿದ. ಅವುಗಳಲ್ಲಿ ಒಂದರ ಹೆಸರೂ ‘ಪೋರ್ಚಿಲೆ’. ಚಿತ್ರದ ಬಂಗಲೆ ಭಾಗ ಬಂದಿರುವುದು ಆ ನಾಟಕದಿಂದ. ಅಲ್ಲಿನ ಪಾತ್ರಗಳು ಮನುಷ್ಯರು ಮಾತಾಡುವಂತೆ ಮಾತಾಡದೆ ಪದ್ಯ ಒಪ್ಪಿಸಿದಂತೆ ಮಾತಾಡುತ್ತವೆ ಎನ್ನುವವರಿಗೆ ಉತ್ತರ ಇದೇ: ಅದು ಪದ್ಯವೇ. ಬೂದಿ ಬೆಟ್ಟದ ಭಾಗ ನಾಟಕದ್ದಲ್ಲ, ಬೇರೆಯೇ ಕಲ್ಪನೆ. ಎರಡು ಬೇರೆ ಬೀಜಗಳನ್ನು ಒಂದೇ ಪಾತಿಯಲ್ಲಿ ಬಿತ್ತಿದ್ದಾನೆ.

ಸರ್ರಿಯಲ್ ಎಂದರೆ ಅರ್ಥವಾಗದ್ದು ಎಂದಲ್ಲ

ತಲೆಬುಡ ತಿಳಿಯದ್ದಕ್ಕೆಲ್ಲ ‘ಸರ್ರಿಯಲ್’ ಎಂಬ ಹಣೆಪಟ್ಟಿ ಅಂಟಿಸುವುದು ಈಗ ರೂಢಿ. ಆ ಪದಕ್ಕೆ ಖಚಿತವಾದ ಅರ್ಥವಿದೆ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆತೋನ್ ಪ್ರಣಾಳಿಕೆ ಬರೆದು ಈ ಪಂಥಕ್ಕೆ ರೂಪ ಕೊಟ್ಟ. ಕನ್ನಡದಲ್ಲಿ ಅತಿವಾಸ್ತವವಾದ ಎನ್ನುತ್ತೇವೆ. ಕನಸಿನಲ್ಲಿ ಅಜ್ಜಿಮನೆಯ ಬಾಗಿಲು ತೆರೆದರೆ ಆಫೀಸಿನ ಲಿಫ್ಟು ಇರುತ್ತದೆ. ನಮಗೆ ಆಶ್ಚರ್ಯವೇನೂ ಆಗುವುದಿಲ್ಲ, ಹತ್ತಿ ಕುಳಿತುಬಿಡುತ್ತೇವೆ. ಎರಡು ವಸ್ತುಗಳೂ ಸಾಚಾ, ಅವುಗಳ ನಡುವಿನ ಸೇತುವೆ ಮಾತ್ರ ಎಚ್ಚರದ ತರ್ಕದ್ದಲ್ಲ. ಅತಿವಾಸ್ತವ ಎಂದರೆ ಆ ಬಗೆಯ ಜೋಡಣೆ.

‘ಪೋರ್ಚಿಲೆ’ಯಲ್ಲಿ ಕರಗುವ ಗಡಿಯಾರಗಳಿಲ್ಲ, ಹಾರುವ ಮನುಷ್ಯರಿಲ್ಲ. ಬಿಡಿಯಾಗಿ ನೋಡಿದರೆ ಪ್ರತಿ ದೃಶ್ಯವೂ ನಡೆಯಬಹುದಾದದ್ದೇ. ಬೆಟ್ಟದ ಹಳೆಯ ಕಾಲ, ಬಂಗಲೆಯ ಇಂದಿನ ಕಾಲ ಇವೆರಡನ್ನು ಒಂದರ ಮಗ್ಗುಲಿಗೆ ಇನ್ನೊಂದನ್ನು ಇಟ್ಟಿರುವ ರೀತಿ ಮಾತ್ರ ಕನಸಿನದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬಹುದು. ಶೂರ್ಪನಖಿಯ ವೇಷದವನು ಕೈಗಡಿಯಾರ ಕಟ್ಟಿಕೊಂಡು ರಂಗಕ್ಕೆ ಬಂದರೆ ಅದು ಕಾಲದೋಷ. ಯಕ್ಷಗಾನದ ಹಾಸ್ಯಗಾರ ಬೇಕೆಂದೇ ಈಗಿನ ಬೆಲೆಯೇರಿಕೆಯನ್ನು ಎಳೆತಂದರೆ ಅದು ಕಾಲದೊಡನೆ ಆಟ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿರುವುದು ಮೂರನೆಯ ಬಗೆ: ಹದಿನಾಲ್ಕನೆಯ ಶತಮಾನದ ಸುಲ್ತಾನನ ಮೂಲಕ ಸ್ವಾತಂತ್ರ್ಯಾನಂತರದ ಭ್ರಮನಿರಸನವನ್ನು ಓದಿಕೊಂಡವರು ಬಹಳ, ಅಲ್ಲಿ ಹಿಂದಿನದು ಇಂದಿನದರ ಬದಲಿಗೆ ನಿಂತಿದೆ. ಪಸೋಲಿನಿ ಮಾಡಿದ್ದು ಇವು ಮೂರೂ ಅಲ್ಲ. ಅವನಲ್ಲಿ ಹಿಂದಿನದು ಇಂದಿನದರ ಪಕ್ಕಕ್ಕೆ ನಿಂತಿದೆ. ಬೆಟ್ಟದವರಿಗೆ ಬಂಗಲೆ ಗೊತ್ತಿಲ್ಲ, ಬಂಗಲೆಯವರಿಗೆ ಬೆಟ್ಟ ಗೊತ್ತಿಲ್ಲ. ಎರಡನ್ನೂ ಬಲ್ಲವರು ನೋಡುಗರು ಮಾತ್ರ. ಇನ್ನೊಬ್ಬನಿದ್ದಾನೆ, ಅವನ ವಿಷಯ ಆಮೇಲೆ.

ಬೆಟ್ಟದ ಕಥೆ

ಚಿತ್ರೀಕರಣದ ಜಾಗ ಸಿಸಿಲಿಯ ಎಟ್ನಾ, 3,300 ಮೀಟರಿಗೂ ಎತ್ತರದ ಜೀವಂತ ಜ್ವಾಲಾಮುಖಿ. ಒಂದು ವರ್ಷದ ಹಿಂದಿನ ತನ್ನ ಇನ್ನೊಂದು ಚಿತ್ರಕ್ಕೂ ಪಸೋಲಿನಿ ಇದೇ ಇಳಿಜಾರನ್ನು ಬಳಸಿದ್ದ. ಮರವಿಲ್ಲ, ಹೊಲವಿಲ್ಲ, ಕಣ್ಣು ಹಾಯುವವರೆಗೂ ಕರಿಬೂದಿ ಮತ್ತು ಗಟ್ಟಿಯಾದ ಲಾವಾ. ಇದು ಯಾವ ದೇಶ, ಯಾವ ಶತಮಾನ ಎಂದು ಚಿತ್ರ ಹೇಳುವುದಿಲ್ಲ. ಬರೆಯುವವರು ಸಾಮಾನ್ಯವಾಗಿ ‘ಮಧ್ಯಯುಗ’ ಎಂದುಬಿಡುತ್ತಾರೆ. ಸೈನಿಕರ ಕೈಯಲ್ಲಿ ಕೋವಿಯಿರುವುದನ್ನು ಗಮನಿಸಿದರೆ ಅಷ್ಟು ಹಿಂದಕ್ಕೆ ಹೋಗಲಾಗದು. ಹೆಗಲಿಗೆ ಹಿಡಿದು ಹಾರಿಸುವ ಕೋವಿ ಯುರೋಪಿನ ಕಾಲಾಳುಗಳಲ್ಲಿ ಬಳಕೆಗೆ ಬಂದದ್ದು ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ. ಹದಿನಾರನೆಯ ಶತಮಾನದ ಆಸುಪಾಸು ಎಂದುಕೊಂಡರೆ ತಪ್ಪಾಗದು.

ಪಿಯೆರ್ ಕ್ಲೆಮಾಂತಿ ಎಂಬ ಫ್ರೆಂಚ್ ನಟನ ಈ ಪಾತ್ರಕ್ಕೆ ಹೆಸರಿಲ್ಲ. ಹಸಿದು ಅಲೆಯುತ್ತಾನೆ. ಹಿಂದೆಂದೋ ಕಾಳಗ ನಡೆದ ಜಾಗದಲ್ಲಿ ಸತ್ತ ಸೈನಿಕರ ಎಲುಬುಗಳ ನಡುವೆ ಶಿರಸ್ತ್ರಾಣ, ಕೋವಿ ಸಿಗುತ್ತವೆ. ತಲೆಗೇರಿಸಿಕೊಳ್ಳುತ್ತಾನೆ. ದಾರಿ ತಪ್ಪಿದ ಸೈನಿಕನೊಬ್ಬ ಎದುರಾದಾಗ ಹೊಡೆದಾಟ, ಕೊಲೆ. ಸತ್ತವನ ತಲೆ ಕತ್ತರಿಸಿ ಜ್ವಾಲಾಮುಖಿಯ ಬಾಯಿಗೆ ಎಸೆಯುತ್ತಾನೆ, ದೇಹವನ್ನು ತಿನ್ನುತ್ತಾನೆ. ಆಮೇಲೆ ಇನ್ನೊಬ್ಬ (ಫ್ರಾಂಕೊ ಚಿತ್ತಿ) ಜೊತೆಗೂಡುತ್ತಾನೆ, ನಿಧಾನಕ್ಕೆ ಒಂದು ಗುಂಪೇ ಆಗುತ್ತದೆ. ಬೆಟ್ಟದ ದಾರಿಯಲ್ಲಿ ಹೋಗುವವರು ಅವರ ಆಹಾರ. ಸುದ್ದಿ ಊರು ಮುಟ್ಟಿ ಸೈನ್ಯ ಬರುತ್ತದೆ. ಹುಲಿಗೆ ಮೇಕೆ ಕಟ್ಟಿದಂತೆ ಬೆತ್ತಲೆ ಯುವಕ ಯುವತಿಯರಿಬ್ಬರನ್ನು ಇಳಿಜಾರಿನಲ್ಲಿ ಬಿಟ್ಟು ಬಲೆ ಬೀಸುತ್ತಾರೆ. ಗುಂಪು ಸಿಕ್ಕಿಬೀಳುತ್ತದೆ.

ಮರಣದಂಡನೆಗೆ ಮುಂಚೆ ಚಿತ್ತಿಯ ಪಾತ್ರ ಅತ್ತು ಶಿಲುಬೆಗೆ ಮುತ್ತಿಡುತ್ತದೆ. ಕ್ಲೆಮಾಂತಿಯ ಪಾತ್ರ ಮಣಿಯುವುದಿಲ್ಲ. ಇಡೀ ಚಿತ್ರದಲ್ಲಿ ಅವನ ಬಾಯಿಂದ ಬರುವ ಒಂದೇ ಮಾತು ಬರುವುದು ಆಗ, ಅದನ್ನೇ ಮತ್ತೆ ಮತ್ತೆ ಹೇಳುತ್ತಾನೆ: ಅಪ್ಪನನ್ನು ಕೊಂದೆ, ನರಮಾಂಸ ತಿಂದೆ, ಸಂತೋಷದಿಂದ ನಡುಗುತ್ತಿದ್ದೇನೆ. ಕೈಕಾಲುಗಳನ್ನು ಗೂಟಗಳಿಗೆ ಬಿಗಿದು ಅವರನ್ನು ಬಯಲಲ್ಲಿ ಬಿಡುತ್ತಾರೆ, ಕಾಡುನಾಯಿಗಳಿಗೆ.

ಆ ಮಾತಿನ ಮೊದಲ ತುಂಡನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಪ್ಪನನ್ನು ಕೊಂದೆ ಎನ್ನುತ್ತಾನೆ, ಆದರೆ ಬೆಟ್ಟದ ಭಾಗದಲ್ಲಿ ಅಪ್ಪ ಎಂಬುವವನು ಕಾಣಿಸಿಕೊಂಡೇ ಇಲ್ಲ.

ಬಂಗಲೆಯ ಕಥೆ

ಅಪ್ಪ ಇರುವುದು ಇಲ್ಲಿ. ಕಾಲ 1967, ಜಾಗ ಪಶ್ಚಿಮ ಜರ್ಮನಿಯ ಗೋಡೆಸ್ಬರ್ಗ್, ಅಂದಿನ ರಾಜಧಾನಿ ಬಾನ್ ನಗರದ ಮಗ್ಗುಲಿನ ಊರು. ಆ ವರ್ಷದ ಜರ್ಮನಿ ಹೇಗಿತ್ತು ಎಂದು ತಿಳಿಯದಿದ್ದರೆ ಈ ಭಾಗದ ಅರ್ಧ ಮಾತು ತಲೆಯ ಮೇಲೆ ಹಾರಿಹೋಗುತ್ತದೆ. ಯುದ್ಧದಲ್ಲಿ ಸೋತು ನೆಲಕಚ್ಚಿದ್ದ ದೇಶ ಹದಿನೈದೇ ವರ್ಷಗಳಲ್ಲಿ ಶ್ರೀಮಂತವಾಗಿತ್ತು, ‘ಆರ್ಥಿಕ ಪವಾಡ’ ಎಂದು ಅದಕ್ಕೆ ಹೆಸರು. ಆ ಪವಾಡ ನಡೆಸಿದ ಉದ್ಯಮಿಗಳು, ಅಧಿಕಾರಿಗಳು, ನ್ಯಾಯಾಧೀಶರಲ್ಲಿ ಎಷ್ಟೋ ಮಂದಿ ಹಿಟ್ಲರನ ಕಾಲದಲ್ಲೂ ಅದೇ ಕುರ್ಚಿಗಳಲ್ಲಿ ಕೂತಿದ್ದವರು. ಯುದ್ಧಕಾಲದಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು ಮಕ್ಕಳು ಅಪ್ಪಂದಿರನ್ನು ಕೇಳತೊಡಗಿದ್ದು ಅರವತ್ತರ ದಶಕದಲ್ಲಿ. 1967ರ ಜೂನ್ 2ರಂದು ಪಶ್ಚಿಮ ಬರ್ಲಿನ್ನಿನ ಪ್ರತಿಭಟನೆಯಲ್ಲಿ ಪೊಲೀಸನ ಗುಂಡಿಗೆ ಒಬ್ಬ ವಿದ್ಯಾರ್ಥಿ ಬಲಿಯಾದ ಮೇಲೆ ಆ ಪ್ರಶ್ನೆ ಬೀದಿಗಿಳಿಯಿತು. ಚಿತ್ರದ ಮನೆಜಗಳದ ಹಿನ್ನೆಲೆ ಇದು.

ಅಪ್ಪ ಕ್ಲೋಟ್ಸ್ (ಆಲ್ಬೆರ್ತೊ ಲಿಯೊನೆಲ್ಲೊ) ಹಳೆಯ ತಲೆಮಾರಿನ ಉದ್ಯಮಪತಿ. ಗಾಲಿಕುರ್ಚಿ, ಹಿಟ್ಲರನದೇ ಮೀಸೆ, ಕೈಯಲ್ಲಿ ಹಾರ್ಪ್ ವಾದ್ಯ. ಮಗ ಜೂಲಿಯನ್ (ಜಾನ್-ಪಿಯೆರ್ ಲಿಯೋ). ಅವನನ್ನು ಪ್ರೀತಿಸುವ ಈಡಾ (ಆನ್ ವಿಯಾಜೆಮ್‌ಸ್ಕಿ) ಕ್ರಾಂತಿಯ ಹುರುಪಿನವಳು. ಬರ್ಲಿನ್ ಗೋಡೆಯ ಬಳಿ ನಡೆಯುವ ಮೆರವಣಿಗೆಗೆ ಬಾ ಎಂದು ಕರೆಯುತ್ತಾಳೆ. ಅವನು ಬರುವುದಿಲ್ಲ. ಹಾಗಾದರೆ ಅಪ್ಪನ ಕಡೆಯವನೋ ಎಂದರೆ ಅದೂ ಅಲ್ಲ. ಅವನಿಗೊಂದು ಗುಟ್ಟಿದೆ, ಅದನ್ನು ಯಾರಿಗೂ ಹೇಳುವುದಿಲ್ಲ. ಒಂದು ಹಂತದಲ್ಲಿ ಬದುಕಿದವನೂ ಅಲ್ಲ ಸತ್ತವನೂ ಅಲ್ಲ ಎನ್ನುವಂತೆ ಮರಗಟ್ಟಿ ಹಾಸಿಗೆಯಲ್ಲಿ ಬಿದ್ದಿರುತ್ತಾನೆ. ಎದ್ದಾಗ ಈಡಾ ಬೇರೊಬ್ಬನನ್ನು ಮದುವೆಯಾಗುವ ಸುದ್ದಿ ಹೇಳುತ್ತಾಳೆ.

ಗುಟ್ಟು ಏನೆಂದರೆ ಅವನ ಆಸೆ ಇರುವುದು ಹಂದಿಗಳ ಮೇಲೆ. ಮನೆಯ ಜಮೀನಿನ ಹಂದಿಗೂಡಿಗೆ ಕದ್ದು ಹೋಗಿಬರುತ್ತಾನೆ. ಇದಿಷ್ಟೂ ನಮಗೆ ತಿಳಿಯುವುದು ಮಾತಿನಿಂದ, ಅದೂ ಸುತ್ತುಬಳಸಿನ ಮಾತಿನಿಂದ. ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ.

ಈ ಭಾಗದ ತಿರುಳಿರುವುದು ಎರಡು ಉದ್ಯಮಗಳ ವ್ಯವಹಾರದಲ್ಲಿ. ಕ್ಲೋಟ್ಸನ ಹೊಸ ಎದುರಾಳಿ ಹೆರ್ಡ್‌ಹಿಟ್ಸೆ (ಉಗೊ ತೊನ್ಯಾತ್ಸಿ). ಕ್ಲೋಟ್ಸನ ಬಂಟ ಹಾನ್ಸ್ ಗುಂಟರ್ ಇವನ ಜಾತಕ ಕೆದಕಿ ತರುತ್ತಾನೆ: ಹೆರ್ಡ್‌ಹಿಟ್ಸೆಯ ನಿಜವಾದ ಹೆಸರು ಹಿರ್ಟ್, ಮುಖಕ್ಕೆ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡ ನಾಟ್ಸಿ, ಯಹೂದಿಗಳನ್ನು ಕೊಲ್ಲಿಸಿ ಅವರ ತಲೆಬುರುಡೆಗಳನ್ನು ಸಂಗ್ರಹಿಸಿದವನು. ಇದು ಬರೀ ಕಲ್ಪನೆಯಲ್ಲ. ಆಗಸ್ಟ್ ಹಿರ್ಟ್ ಎಂಬ ಅಂಗರಚನಾಶಾಸ್ತ್ರಜ್ಞ ನಿಜವಾಗಿಯೂ ಇದ್ದ. ಜರ್ಮನರ ವಶದಲ್ಲಿದ್ದ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದು, ಅಸ್ಥಿಸಂಗ್ರಹಕ್ಕೆಂದು 86 ಯಹೂದಿಗಳನ್ನು 1943ರಲ್ಲಿ ಕೊಲ್ಲಿಸಿದ. 1945ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ಅವನು ಬದುಕುಳಿದು ಮುಖ ಬದಲಿಸಿ ಕಂಪನಿ ತೆರೆದಿದ್ದರೆ ಏನಾಗುತ್ತಿತ್ತು ಎಂಬ ಊಹೆಯನ್ನು ಪಸೋಲಿನಿ ಪಾತ್ರ ಮಾಡಿದ್ದಾನೆ.

ಹೆಸರುಗಳಲ್ಲೂ ಚೇಷ್ಟೆಯಿದೆ. ಜರ್ಮನ್ನಿನಲ್ಲಿ ‘ಕ್ಲೋಟ್ಸ್’ ಎಂದರೆ ಮರದ ದಿಮ್ಮಿ, ‘ಹಿರ್ಟ್’ ಎಂದರೆ ಕುರಿ ಕಾಯುವವನು. ‘ಹೆರ್ಡ್’ ಎಂದರೆ ಒಲೆ, ‘ಹಿಟ್ಸೆ’ ಎಂದರೆ ಬಿಸಿ. ಕುರಿಗಾಹಿ ಹೆಸರು ಬದಲಿಸಿ ಒಲೆಯ ಝಳವಾಗಿದ್ದಾನೆ. ಆ ದೇಶದ ಆ ಕಾಲದಲ್ಲಿ ಒಲೆ ಎಂಬ ಮಾತು ನೆನಪಿಸುವುದು ನಾಟ್ಸಿ ಶಿಬಿರಗಳಲ್ಲಿ ಹೆಣ ಸುಟ್ಟ ಒಲೆಗಳನ್ನು.

ಕ್ಲೋಟ್ಸ್ ಈ ಗುಟ್ಟು ಹಿಡಿದು ಹೆದರಿಸಲು ಹೋದರೆ ಹೆರ್ಡ್‌ಹಿಟ್ಸೆ ತನ್ನ ಎಲೆ ಇಳಿಸುತ್ತಾನೆ: ನಿನ್ನ ಮಗನ ಹಂದಿಗೂಡಿನ ವಿಷಯ ನನಗೂ ಗೊತ್ತು. ತಲೆಬುರುಡೆಗೆ ಹಂದಿ ಸರಿಸಾಟಿ. ಜಗಳವಾಡುವ ಬದಲು ಎರಡೂ ಕಂಪನಿಗಳನ್ನು ಒಂದು ಮಾಡಿಬಿಡುತ್ತಾರೆ. ಈ ಸಂಭಾಷಣೆ ಬಹಳ ವಿನಯದಿಂದ, ನಗುನಗುತ್ತ, ಸಂಬಂಧ ಕುದುರಿಸುವ ಬೀಗರ ಧಾಟಿಯಲ್ಲಿ ನಡೆಯುತ್ತದೆ. ಹೆರ್ಡ್‌ಹಿಟ್ಸೆಯ ಪಾತ್ರಕ್ಕೆ ಇಟಲಿಯ ಜನಪ್ರಿಯ ಹಾಸ್ಯನಟನನ್ನೇ ಆರಿಸಿದ್ದು ಅದಕ್ಕಾಗಿ.

ವಿಲೀನದ ಸಂಭ್ರಮ ನಡೆಯುತ್ತಿರುವಾಗ ಜೂಲಿಯನ್ ಗೂಡಿಗೆ ಹೋಗಿದ್ದಾನೆ, ಹಂದಿಗಳು ಅವನನ್ನು ತಿಂದುಹಾಕಿವೆ. ಸುದ್ದಿ ಹೇಳಲು ಬಂದ ರೈತರನ್ನು ಹೆರ್ಡ್‌ಹಿಟ್ಸೆ ಬದಿಗೆ ಕರೆದು ಕೇಳುತ್ತಾನೆ. ಏನಾದರೂ ಉಳಿದಿದೆಯೇ, ಕೊನೆಗೆ ಬಟ್ಟೆಯ ಒಂದು ಗುಂಡಿಯಾದರೂ? ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ತುಟಿಯ ಮೇಲೆ ಬೆರಳು: ಹಾಗಾದರೆ ಶ್‌… ಯಾರಿಗೂ ಹೇಳಬೇಡಿ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಬಂಗಲೆಯ ಬಗ್ಗೆ ಒಂದು ಮಾತು. ಕಥೆ ಜರ್ಮನಿಯದಾದರೂ ಚಿತ್ರೀಕರಣ ನಡೆದದ್ದು ವೆನಿಸ್ ಹತ್ತಿರದ ಸ್ತ್ರಾ ಊರಿನ ವಿಲ್ಲಾ ಪಿಸಾನಿಯಲ್ಲಿ. 1934ರ ಜೂನ್‌ನಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಮೊದಲ ಬಾರಿಗೆ ಭೇಟಿಯಾದದ್ದು ಇದೇ ಮನೆಯಲ್ಲಿ. ಹಿಟ್ಲರ್ ಮೀಸೆಯ ಕ್ಲೋಟ್ಸನ ಗಾಲಿಕುರ್ಚಿ ಉರುಳುವ ಸ್ಥಳ ಅದು ಎಂದು ತಿಳಿದ ಮೇಲೆ ಆ ಅಗಲವಾದ ಕೊಳ, ಆ ಸಾಲುಗಂಬಗಳು ಬರೀ ಚೆಂದದ ಹಿನ್ನೆಲೆಯಾಗಿ ಕಾಣುವುದಿಲ್ಲ.

ಎರಡೆಳೆಯ ಹುರಿ

ಈಗ ಮುಖ್ಯ ಪ್ರಶ್ನೆ: ಇವೆರಡನ್ನೂ ಕತ್ತರಿಸಿ ಕತ್ತರಿಸಿ ಜೋಡಿಸಿದ್ದು ಏಕೆ?

ಎರಡು ಘಟನೆಗಳನ್ನು ಸರದಿಯಲ್ಲಿ ತೋರಿಸುವುದಕ್ಕೆ ಸಮಾನಾಂತರ ಸಂಕಲನ ಎನ್ನುತ್ತಾರೆ. ನಮ್ಮ ಹಳೆಯ ಚಿತ್ರಗಳ ಕೊನೆಯ ರೀಲಿನಲ್ಲಿ ಇದು ಇದ್ದೇ ಇರುತ್ತಿತ್ತು. ಅತ್ತ ನಾಯಕಿಯನ್ನು ಕಂಬಕ್ಕೆ ಕಟ್ಟಿದ್ದಾರೆ, ಇತ್ತ ನಾಯಕ ಬೈಕಿನಲ್ಲಿ ಬರುತ್ತಿದ್ದಾನೆ. ಎರಡೂ ಒಂದೆಡೆ ಕೂಡುತ್ತವೆ ಎಂಬ ಭರವಸೆ ಅಲ್ಲಿರುತ್ತದೆ. ‘ಪೋರ್ಚಿಲೆ’ಯಲ್ಲಿ ಆ ಭರವಸೆ ಇಲ್ಲ. ಬೈಕು ಎಂದೂ ಬಂದು ಸೇರುವುದಿಲ್ಲ. ನೋಡುಗರು ಸೋಲುವುದೇ ಇಲ್ಲಿ, ಈಗ ಕೂಡುತ್ತದೆ ಆಗ ಕೂಡುತ್ತದೆ ಎಂದು ಕಾದು ಕಾದು.

ಕಾಯುವುದನ್ನು ಬಿಟ್ಟು ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಬೆಟ್ಟದಲ್ಲಿ ಕಣ್ಣಿಗೆ ಎಲ್ಲ ಕಾಣುತ್ತದೆ, ಕಿವಿಗೆ ಏನೂ ಇಲ್ಲ: ಕೊಲ್ಲುವುದು, ಸುಡುವುದು, ತಿನ್ನುವುದು, ಗಾಳಿಯ ಸದ್ದು. ಬಂಗಲೆಯಲ್ಲಿ ಕಿವಿಗೆ ಎಲ್ಲ ಕೇಳುತ್ತದೆ, ಕಣ್ಣಿಗೆ ಏನೂ ಇಲ್ಲ. ತಲೆಬುರುಡೆಗಳ ಲೆಕ್ಕ, ಗೂಡಿನ ಗುಟ್ಟು, ಕೊನೆಗೆ ಮಗನ ಸಾವು ಕೂಡ ಬರೀ ಮಾತು. ಒಂದು ಭಾಗದಲ್ಲಿ ಬಾಯಿ ಇರುವುದು ತಿನ್ನಲಿಕ್ಕೆ, ಇನ್ನೊಂದರಲ್ಲಿ ಮುಚ್ಚಿಡಲಿಕ್ಕೆ. ಬಂಗಲೆಯ ಮಾತು ಯಾವುದರ ಬಗ್ಗೆ ಎಂಬುದನ್ನು ಬೆಟ್ಟ ತೋರಿಸುತ್ತದೆ. ಬೆಟ್ಟದ ಮೌನದೊಳಗೆ ಏನಿದೆ ಎಂಬುದನ್ನು ಬಂಗಲೆ ಹೇಳುತ್ತದೆ. ಹಂದಿ ಮಗನನ್ನು ತಿನ್ನುವುದು ಕಾಣಲಿಲ್ಲವಲ್ಲ ಎಂದುಕೊಂಡರೆ, ಬೆಟ್ಟದಲ್ಲಿ ಗೂಟಕ್ಕೆ ಕಟ್ಟಿದ ದೇಹಗಳೂ ನಾಯಿಗಳೂ ಆ ಖಾಲಿ ಜಾಗವನ್ನು ತುಂಬಿವೆ. ಬೆಟ್ಟದ ಯುವಕ ಕೊಂದೆ ಎಂದ ಅಪ್ಪ ಎಲ್ಲಿ ಎಂದುಕೊಂಡರೆ, ಬಂಗಲೆಯಲ್ಲಿ ಹಾರ್ಪ್ ಮೀಟುತ್ತ ಕೂತಿದ್ದಾನೆ.

ಎರಡೆಳೆಯಲ್ಲಿ ಜಡೆ ಹೆಣೆಯಲಾಗದು, ಹುರಿ ಹೊಸೆಯಬಹುದು. ಪ್ರತಿ ಎಳೆಯೂ ಇನ್ನೊಂದರ ಕೆಳಗೆ ಮರೆಯಾಗುತ್ತ ಹೋಗುವುದರಿಂದಲೇ ಹುರಿ ಬಿಗಿಯಾಗುವುದು. ಸಂಕಲನಕಾರ ನೀನೊ ಬರಾಲ್ಯಿ ಮಾಡಿದ ಕೆಲಸ ಆ ಬಗೆಯದು.

ಹುರಿಗೆ ಒಂದು ಗಂಟೂ ಇದೆ. ನಿನೆತ್ತೊ ದಾವೊಲಿ ಎಂಬ ಗುಂಗುರುಗೂದಲಿನ ನಟ ಎರಡೂ ಭಾಗಗಳಲ್ಲಿದ್ದಾನೆ. ಬೆಟ್ಟದ ಶಿಕ್ಷೆಯನ್ನು ನೋಡುತ್ತ ನಿಂತ ಮೂಕ ಸಾಕ್ಷಿ ಅವನೇ, ಬಂಗಲೆಗೆ ಸುದ್ದಿ ತಂದ ರೈತರಲ್ಲಿ ಒಬ್ಬನೂ ಅವನೇ. ಮೊದಲು ಹೇಳಿದ ‘ಇನ್ನೊಬ್ಬ’ ಇವನು. ಮೊದಲ ಸಲ ನೋಡುವವರಿಗೆ ಸಾಮಾನ್ಯವಾಗಿ ಇವನು ಸಿಗುವುದೇ ಇಲ್ಲ, ಏಕೆಂದರೆ ಚಿತ್ರ ಅವನ ಕಡೆ ಬೆರಳು ತೋರಿಸುವುದಿಲ್ಲ.

ಮೂರು ಬಗೆಯ ಮಕ್ಕಳು

ಚಿತ್ರ ಶುರುವಾಗುವುದೇ ಕಲ್ಲಿನ ಫಲಕದಲ್ಲಿ ಕೆತ್ತಿದ ಬರಹದಿಂದ. ಆತ್ಮಸಾಕ್ಷಿಯನ್ನು ಚೆನ್ನಾಗಿ ವಿಚಾರಿಸಿ ನೋಡಿ, ನಿನ್ನ ಅವಿಧೇಯತೆಗಾಗಿ ನಿನ್ನನ್ನು ತಿಂದುಬಿಡಲು ತೀರ್ಮಾನಿಸಿದ್ದೇವೆ ಎಂಬ ಅರ್ಥದ್ದು ಅದು. ಬಹಳ ಜನ ಈ ಫಲಕವನ್ನು ಟೈಟಲ್ ಕಾರ್ಡ್ ಎಂದು ಓಡಿಸಿಬಿಡುತ್ತಾರೆ. ಇಡೀ ಚಿತ್ರದ ಸೂಚಿಪದ್ಯ ಇದ್ದಂತೆ ಅದು, ಓಡಿಸಬಾರದು.

ಮಗ ಹೇಳಿದಂತೆ ಕೇಳಬಹುದು ಅಥವಾ ತಿರುಗಿಬೀಳಬಹುದು ಎನ್ನುವುದು ಲೋಕರೂಢಿಯ ಲೆಕ್ಕ. ಪಸೋಲಿನಿ ಮೂರನೆಯದೊಂದನ್ನು ಸೇರಿಸುತ್ತಾನೆ. ಬೆಟ್ಟದವನು ಪೂರ್ತಿ ತಿರುಗಿಬಿದ್ದವನು. ಈಡಾ ಕೂಡ ತಿರುಗಿಬಿದ್ದವಳೇ, ಆದರೆ ಅವಳ ಬಂಡಾಯಕ್ಕೆ ಮೆರವಣಿಗೆಯಿದೆ, ಜೊತೆಗಾರರಿದ್ದಾರೆ, ಕೊನೆಗೆ ಮದುವೆಯೂ ಇದೆ. ಜೂಲಿಯನ್ ವಿಧೇಯನೂ ಅಲ್ಲ ಅವಿಧೇಯನೂ ಅಲ್ಲ. ಸಮಾಜ ಅವಿಧೇಯರನ್ನು ತಿನ್ನುವ ಹಾಗೆ ಈ ಎರಡೂ ಅಲ್ಲದವರನ್ನೂ ತಿನ್ನುತ್ತದೆ ಎಂಬ ಅರ್ಥದ ವಿವರಣೆಯನ್ನು ನಿರ್ದೇಶಕನೇ ಕೊಟ್ಟಿದ್ದಾನೆ. ಬೆಟ್ಟದವನಿಗೆ ವಿಚಾರಣೆ, ಶಿಲುಬೆ, ನೆರೆದ ಜನ ಎಲ್ಲವೂ ದೊರೆತವು. ಜೂಲಿಯನ್ನಿಗೆ ದೊರೆತದ್ದು ಒಂದು ‘ಶ್‌’.

ವೇಷದ ಕೆಲಸ

ವಸ್ತ್ರವಿನ್ಯಾಸ ದನಿಲೊ ದೊನಾತಿಯದು. 1968ರ ‘ರೋಮಿಯೊ ಅಂಡ್ ಜೂಲಿಯೆಟ್’ ಚಿತ್ರದ ವೇಷಭೂಷಣಕ್ಕೆ ಆಸ್ಕರ್ ಪಡೆದವನು. ಮಖಮಲ್ಲು, ಕಸೂತಿಯ ಆ ಕೈ ಇಲ್ಲಿ ತದ್ವಿರುದ್ಧ ದಿಕ್ಕಿಗೆ ಹೋಗಿದೆ. ಕ್ಲೆಮಾಂತಿಯ ಮೈಮೇಲಿನದು ಬಟ್ಟೆ ಎನ್ನುವುದಕ್ಕಿಂತ ಚಿಂದಿ.

ಐತಿಹಾಸಿಕ ವೇಷ ಪರದೆಯ ಮೇಲೆ ಕೆಡುವುದು ಹೊಸದಾಗಿ ಕಂಡಾಗ. ದರ್ಜಿಯ ಕೈಯಿಂದ ಬಂದ ಬಟ್ಟೆಯನ್ನು ಹಾಗೇ ಹಾಕಿಸಿದರೆ ನಾಟಕ ಕಂಪನಿಯ ಪೆಟ್ಟಿಗೆಯಿಂದ ತೆಗೆದಂತೆ ಇರುತ್ತದೆ. ಹಾಗಾಗಿ ವಸ್ತ್ರ ವಿಭಾಗದವರು ಅದನ್ನು ‘ಹಳತು’ ಮಾಡುತ್ತಾರೆ: ಒಗೆದೊಗೆದು ಗಂಜಿ ಬಿಡಿಸುವುದು, ಚಹಾದಂಥ ಕಂದು ನೀರಿನಲ್ಲಿ ಅದ್ದಿ ಬಿಳುಪು ಕೊಲ್ಲುವುದು, ಮೊಣಕಾಲು, ಮೊಣಕೈ, ಕತ್ತುಪಟ್ಟಿ, ಜೇಬಿನ ಬಾಯಿ ಇವನ್ನು ಮರಳು ಕಾಗದದಿಂದ ಉಜ್ಜುವುದು, ಅಂಚಿಗೆ ಮಣ್ಣು ಹಿಡಿಸುವುದು. ಎಲ್ಲೆಡೆ ಸಮನಾಗಿ ಕೊಳೆ ಮಾಡಿದರೆ ಅದೂ ಸುಳ್ಳಾಗಿ ಕಾಣುತ್ತದೆ. ನಿಜವಾದ ಬಟ್ಟೆ ಸವೆಯುವುದು ಮೈ ಮಡಿಸುವ, ಕೈ ತಾಗುವ ಕಡೆ ಮಾತ್ರ. ಎಟ್ನಾದಂಥ ಜಾಗದಲ್ಲಿ ಉಳಿದ ಕೆಲಸವನ್ನು ನೆಲವೇ ಮಾಡುತ್ತದೆ. ಬಂಗಲೆಯಲ್ಲಿ ಬೇಕಾದದ್ದು ಇದರ ತಲೆಕೆಳಗು. ಅಲ್ಲಿ ಒಂದು ಸುಕ್ಕೂ ಇರುವಂತಿಲ್ಲ.

ಶಿರಸ್ತ್ರಾಣವನ್ನು ಹತ್ತಿರದಿಂದ ನೋಡಿ. ಅದು ಆ ಯುವಕನದಲ್ಲ, ಸತ್ತ ಯಾರದೋ. ಸೈನಿಕನ ವೇಷ ಸಿಕ್ಕ ಮೇಲೆಯೇ ಅವನು ಸೈನಿಕನನ್ನು ಕೊಲ್ಲುವುದು. ಅಲ್ಲಿಯವರೆಗೆ ಅವನು ಚಿಟ್ಟೆ ತಿನ್ನುವ ಹಸಿದ ಜೀವಿಯಷ್ಟೆ. ಸೆರೆ ಸಿಕ್ಕಾಗ ಆ ವೇಷವನ್ನೆಲ್ಲ ಕಳಚಿ ಬೆತ್ತಲಾಗಿ ನಿಲ್ಲುತ್ತಾನೆ. ಬಂಗಲೆಯಲ್ಲಿ ಯಾರೂ ಏನನ್ನೂ ಕಳಚುವುದಿಲ್ಲ, ಹೆರ್ಡ್‌ಹಿಟ್ಸೆಯ ಮುಖ ಕೂಡ ತೊಟ್ಟುಕೊಂಡದ್ದೇ. ಚಾರಿತ್ರಿಕ ಉಡುಪಿನ ಭಾಗ ವೇಷ, ಆಧುನಿಕ ಭಾಗ ಸಹಜ ಎಂದು ಮೊದಲಿಗೆ ಅನ್ನಿಸುತ್ತದೆ. ಒಂದೆರಡು ಸಲ ನೋಡಿದರೆ ಈ ಎಣಿಕೆ ತಲೆಕೆಳಗಾಗುತ್ತದೆ.

ಎಡವುವ ಜಾಗಗಳು

ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ನಿಮ್ಮ ಪ್ಲೇಯರಿನ ತಪ್ಪಲ್ಲ, ಸೆಟ್ಟಿಂಗ್ ತಿದ್ದಲು ಹೋಗಬೇಡಿ. ಆ ಕಾಲದ ಇಟಲಿಯಲ್ಲಿ ಚಿತ್ರೀಕರಣದ ಧ್ವನಿಯನ್ನು ಬಳಸದೆ ಎಲ್ಲವನ್ನೂ ಆಮೇಲೆ ಡಬ್ ಮಾಡುವುದು ಪದ್ಧತಿ. ಲಿಯೋ, ವಿಯಾಜೆಮ್‌ಸ್ಕಿ ಇಬ್ಬರೂ ಫ್ರೆಂಚರು, ಕೇಳುವ ಇಟಾಲಿಯನ್ ದನಿಗಳು ಬೇರೆಯವರವು. ಮಾತು ಮೈಯಿಂದ ಕಳಚಿಕೊಂಡಂತೆ ಕೇಳುವುದು ಈ ಚಿತ್ರಕ್ಕೆ ಒಪ್ಪುತ್ತದೆ ಕೂಡ.

ಸಬ್‌ಟೈಟಲ್ಲಿನ ಕಷ್ಟ ಇದಕ್ಕಿಂತ ದೊಡ್ಡದು. ಬಂಗಲೆಯ ಮಾತು ದಟ್ಟ, ಓದುತ್ತ ಕೂತರೆ ಚಿತ್ರ ಕಾಣುವುದಿಲ್ಲ. ಅಲ್ಲಿ ಕ್ಯಾಮೆರಾ ಹೆಚ್ಚು ಓಡಾಡುವುದಿಲ್ಲ. ಪಾತ್ರಗಳು ಚೌಕಟ್ಟಿನ ನಡುಮಧ್ಯೆ, ಎಡಬಲ ಸಮನಾಗಿ, ಪಾಸ್‌ಪೋರ್ಟ್ ಫೋಟೊದಂತೆ ನೇರ ಎದುರಿಗೆ ನಿಂತಿರುತ್ತವೆ. ಹಾಗಾಗಿ ದೃಶ್ಯ ಶುರುವಾದಾಗ ಒಮ್ಮೆ ಚೌಕಟ್ಟನ್ನು ಪೂರ್ತಿ ನೋಡಿಬಿಟ್ಟು ಆಮೇಲೆ ಓದಿಗೆ ಇಳಿದರೆ ಏನೂ ತಪ್ಪಿಹೋಗುವುದಿಲ್ಲ. ಬೆಟ್ಟ ಬಂದಾಗ ಕಣ್ಣಿಗೆ ಸಿಗುವ ಬಿಡುವನ್ನು ಪೂರ್ತಿ ಬಳಸಿಕೊಳ್ಳಿ. ಅಲ್ಲಿ ಫಾಸ್ಟ್ ಫಾರ್ವರ್ಡ್ ಮಾಡಿದರೆ ಚಿತ್ರದ ಅರ್ಧವೇ ಹೋಯಿತು.

ಬೆಟ್ಟದ ಕಥೆ ಜೂಲಿಯನ್ನಿನ ಕನಸು ಎಂದು ತೀರ್ಮಾನಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಅವನು ಮರಗಟ್ಟಿ ಮಲಗಿರುವುದು ಆ ಊಹೆಗೆ ಎಡೆ ಕೊಡುತ್ತದೆ. ಆದರೆ ಕನಸಿಗೆ ಹೋಗುವ, ಕನಸಿನಿಂದ ಏಳುವ ಗುರುತು ಎಲ್ಲೂ ಇಲ್ಲ. ಹಾಗೆ ಓದಿದರೆ ಬೆಟ್ಟ ಬಂಗಲೆಯ ಒಂದು ಕೋಣೆಯಾಗಿಬಿಡುತ್ತದೆ, ಹುರಿ ಬಿಚ್ಚಿಕೊಳ್ಳುತ್ತದೆ.

ಹಂದಿ ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದೂ ಹಾಗೆಯೇ. ಬರ್ಲಿನ್ನಿನ ಚಿತ್ರಕಾರ ಜಾರ್ಜ್ ಗ್ರೋಸ್ ಇಪ್ಪತ್ತರ ದಶಕದಲ್ಲಿ ಕೊಬ್ಬಿದ ಬಂಡವಾಳಿಗರನ್ನು ಹಂದಿಮೋರೆಯಲ್ಲಿ ಬರೆದಿದ್ದ, ಚಿತ್ರದ ಸಂಭಾಷಣೆಯಲ್ಲೇ ಅವನ ಹೆಸರು ಬರುತ್ತದೆ. ಆ ಲೆಕ್ಕದಲ್ಲಿ ಹಂದಿಗಳು ಅಪ್ಪಂದಿರು. ಆದರೆ ಮಗ ಪ್ರೀತಿಸುವುದೂ ಹಂದಿಗಳನ್ನೇ, ಮಗನನ್ನು ತಿನ್ನುವುದೂ ಅವೇ. ಮೂರೂ ಒಟ್ಟಿಗೆ ನಿಜವಾಗಿರಲು ಬಿಟ್ಟರೆ ಚಿತ್ರ ಚೆನ್ನಾಗಿ ದಕ್ಕುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಬೆತ್ತಲೆ, ಕೊಲೆ, ನರಮಾಂಸ ಭಕ್ಷಣೆ ಇರುವುದರಿಂದ ಮಕ್ಕಳ ಜೊತೆ ನೋಡುವ ಚಿತ್ರವಲ್ಲ. ಆದರೆ ಭಯಾನಕ ಚಿತ್ರದ ರುಚಿಗಾಗಿ ಹೋದವರಿಗೂ ನಿರಾಸೆಯೇ. ತಿನ್ನುವುದನ್ನು ಇಲ್ಲಿ ಊಟದಷ್ಟೇ ನಿರ್ವಿಕಾರವಾಗಿ, ತುಸು ದೂರದಿಂದ ತೋರಿಸಿದೆ.

ಸಾಧ್ಯವಾದರೆ ಎರಡು ಸಲ ನೋಡಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಹಾಳೆಯೊಂದನ್ನು ಉದ್ದಕ್ಕೆ ಮಡಿಸಿ ಎಡಕ್ಕೆ ಬೆಟ್ಟ, ಬಲಕ್ಕೆ ಬಂಗಲೆ ಎಂದು ಬರೆದುಕೊಂಡು ಪ್ರತಿ ಬಾರಿ ಕಥೆ ಹೊರಳಿದಾಗ ಹೊರಳುವ ಮುಂಚಿನ ಕೊನೆಯ ಚಿತ್ರ ಮತ್ತು ಆಮೇಲಿನ ಮೊದಲ ಚಿತ್ರ ಇವೆರಡನ್ನು ಒಂದೊಂದೇ ಪದದಲ್ಲಿ ಗುರುತಿಸಿಕೊಳ್ಳಿ. ಹಾಳೆಯ ಮೇಲ್ತುದಿಯಲ್ಲಿ, ಕಲ್ಲಿನ ಫಲಕದ ಬರಹಕ್ಕೆ ಜಾಗ ಬಿಡಿ. ಈಗಿನ ಜರ್ಮನಿ ಹಿಟ್ಲರನ ಜರ್ಮನಿಯಲ್ಲ, ಇಲ್ಲಿ ಉಣ್ಣೆ, ಚೀಸ್, ಬಿಯರ್ ಮತ್ತು ಗುಂಡಿಗಳನ್ನು ತಯಾರಿಸುತ್ತೇವೆ, ಫಿರಂಗಿ ಏನಿದ್ದರೂ ರಫ್ತಿಗೆ ಎಂಬ ಧಾಟಿಯ ಮಾತೊಂದು ಅಲ್ಲಿ ಬರುತ್ತದೆ. ಮೊದಲ ಸಲ ಅದು ತಮಾಷೆಯಾಗಿ ಕೇಳಿ ಮರೆತುಹೋಗಿರುತ್ತದೆ. ಹೆರ್ಡ್‌ಹಿಟ್ಸೆ ಕೊನೆಯಲ್ಲಿ ರೈತರನ್ನು ಕೇಳುವುದು ಆ ಗುಂಡಿಯನ್ನೇ.